ಆ ರೊಟ್ಟಿ ಬಡಿದವನು ನಾನು

ಲಸಿಕೆ ಪರಿಹಾರದ ಅರ್ಜಿಗಳನ್ನು ಇತ್ಯರ್ಥಗೊಳಿಸುವ ಮಾನ್ಯ ಅಧಿಕಾರಿಗಳೇ,

ನನ್ನ ಹೆಂಡತಿ ಸೂಗಮ್ಮನ ಅರ್ಜಿಯನ್ನು ತಾವು ಜೋಳದ ರೊಟ್ಟಿಯ ಆಧಾರದ ಮೇಲೆ ವಜಾ ಮಾಡಿದ್ದೀರಿ. ಆ ರೊಟ್ಟಿ ಬಡಿದವನು ನಾನು. ಈ ಮಾತನ್ನು ಗಾಜಿಪುರದ ನಮ್ಮ ಓಣಿಯವರೆಲ್ಲ ಓದುವ ಪತ್ರಿಕೆಯಲ್ಲಿ ಬರೆಯುವ ಗತಿ ಬಂತಲ್ಲ ಎಂದು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತಿದ್ದೇನೆ.

ಕೋವಿಡ್ ಲಸಿಕೆಗಾಗಿ ಕಮಲಾಪುರದ ಶಿಬಿರದಲ್ಲಿ ನಾವಿಬ್ಬರೂ ಒಂದೇ ದಿನ ಸರದಿಯಲ್ಲಿ ನಿಂತಿದ್ದೆವು. ನನಗೇನೂ ಆಗಲಿಲ್ಲ. ಆಕೆಗೆ ಸೂಜಿ ತೀರ ಮೇಲೆ, ಭುಜದ ಕೀಲಿನ ಹತ್ತಿರ ಬಿತ್ತು. ಅಂದಿನಿಂದ ಬಲಗೈ ಎದೆಮಟ್ಟಕ್ಕಿಂತ ಮೇಲೇಳುತ್ತಿಲ್ಲ, ಒತ್ತಿ ಬಡಿಯುವ ಕಸುವೂ ಉಳಿದಿಲ್ಲ. ಸೂಜಿಯಿಂದಲೇ ಆಗಿರಬಹುದು ಎಂದರು ಸೇಡಂ ರಸ್ತೆಯ ಒಬ್ಬ ವೈದ್ಯರು. ಇರಬಹುದು, ಇಲ್ಲದಿರಬಹುದು. ನಾನು ಲಸಿಕೆಯ ವೈರಿಯಲ್ಲ, ಇನ್ನೊಮ್ಮೆ ಕರೆದರೂ ತೋಳು ಒಡ್ಡುತ್ತೇನೆ. ತಜ್ಞರಿಂದ ಪರೀಕ್ಷೆ ಮಾಡಿಸಿ ನಿಜ ಹೇಳಿ, ಹೌದಾದರೆ ಚಿಕಿತ್ಸೆ ಕೊಡಿಸಿ ಎಂದಷ್ಟೇ ನಾವು ಕೇಳಿದ್ದು.

ತಾವು ಕಳಿಸಿದ್ದು ಯಾರನ್ನು? ಇಬ್ಬರು ಸಿಬ್ಬಂದಿಯನ್ನು, ಅದೂ ಊಟದ ಹೊತ್ತಿಗೆ. ಊಟದ ಹೊತ್ತಿಗೆ ಬಂದವರನ್ನು ಹಾಗೇ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಆಕೆಯ ಕೈ ಸೋತ ಮೇಲೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ರೊಟ್ಟಿ ಬಡಿಯುವವನು ನಾನು. ಸಪ್ಪಳ ಹೊರಗೆ ಕೇಳದಿರಲೆಂದು ಟಿ.ವಿ. ಜೋರು ಮಾಡುವವನೂ ನಾನೇ. ನಿವೃತ್ತ ಶಿರಸ್ತೇದಾರನ ಮರ್ಯಾದೆಯ ಪ್ರಶ್ನೆ ನೋಡಿ! ಅಂದು ಗಡಿಬಿಡಿಯಲ್ಲಿ ಕೈ ತೊಳೆದು ಹೊರಗೆ ಬಂದು ಗಂಭೀರವಾಗಿ ಕೂತೆ. ಮೀಸೆಗೆ ಮೆತ್ತಿದ್ದ ಹಿಟ್ಟನ್ನು ತಮ್ಮವರು ನರೆಯೆಂದು ತಿಳಿದಿರಬೇಕು.

“ಏನ್ ರೊಟ್ಟಿ ಅದಾವ್ರೀ ಅಮ್ಮಾ, ಎಷ್ಟ್ ತೆಳ್ಳಗ! ಯಾರ್ ಬಡದಾರ?” ಎಂದರು ಒಬ್ಬರು.

“ನಾನೇ ಬಡದೀನ್ರಿ. ಇನ್ನೊಂದ್ ಹಾಕ್ಲೇನ್ರಿ?” ಎಂದಳು ಸೂಗಮ್ಮ, ಬುಟ್ಟಿ ಮುಂದೆ ಸರಿಸುತ್ತ.

ನಾನು ಟಿ.ವಿ. ಕಡೆ ಮುಖ ತಿರುಗಿಸಿದೆ. ಅವರು ಹೋದ ಮೇಲೆ, ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ.

“ನೀವ್ ರೊಟ್ಟಿ ಬಡೀತೀರಂತ ಗೊತ್ತಾದ್ರ ಮಂದಿ ನಗಲ್ಲೇನ್ರಿ? ನನ್ನ ಕೈಯಂತೂ ಹೋಗ್ಯಾದ, ನಿಮ್ಮ ಮಾನಾದ್ರೂ ಉಳೀಲಿ” ಎಂದಳು.

ಆಮೇಲೆ ತಮ್ಮ ಆದೇಶ ಬಂತು: “ಅರ್ಜಿದಾರರು ಸ್ವತಃ ಬಡಿದ ರೊಟ್ಟಿಗಳು ತೆಳುವಾಗಿಯೂ ದುಂಡಾಗಿಯೂ ಇದ್ದುದರಿಂದ ಅವರ ಬಲಗೈ ಸುಸ್ಥಿತಿಯಲ್ಲಿದೆ ಎಂದು ಮನಗಂಡು ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ.” ಎಂಥ ವೈದ್ಯಶಾಸ್ತ್ರ! ನಾಳೆ ಕಣ್ಣು ಕಾಣದವರ ಮನೆಯಲ್ಲಿ ಚಹಾ ಕುಡಿದು, ದೃಷ್ಟಿ ಚೆನ್ನಾಗಿದೆ ಎಂದು ಬರೆಯುತ್ತೀರಾ? ಕಡತ ಮುಚ್ಚುವುದರಲ್ಲಿ ನನ್ನ ಕೈಯೂ ಪಳಗಿದೆ, ಮಾನ್ಯರೇ. ಆದರೆ ಅರ್ಜಿದಾರರ ಮನೆಯ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ಉಂಡು ಮುಚ್ಚಿದ ನೆನಪಿಲ್ಲ.

ಇನ್ನೊಂದು ನಿಜ ಹೇಳಿಬಿಡುತ್ತೇನೆ. ತಮ್ಮ ಆದೇಶ ಓದಿದಾಗ ಸಿಟ್ಟಿಗಿಂತ ಮೊದಲು ನನಗೆ ಹೆಮ್ಮೆಯಾಯಿತು: ನನ್ನ ರೊಟ್ಟಿ ದುಂಡಗಿದೆಯೆಂದು ಸರ್ಕಾರವೇ ಒಪ್ಪಿತಲ್ಲ! ಆಮೇಲೆ ಸೂಗಮ್ಮನ ಮುಖ ನೋಡಿದೆ. ನೋವಿನ ನಾಟಕ ಮಾಡಿದವಳೆಂದು ತನ್ನನ್ನು ಬರೆದುಬಿಟ್ಟರಲ್ಲ ಎಂದು ಕಣ್ಣೀರು ತಂದುಕೊಂಡಿದ್ದಳು. ಇಷ್ಟು ವರ್ಷ ಆಕೆ ಬಡಿದು ಹಾಕಿದ್ದನ್ನು ಉಂಡೆನೇ ಹೊರತು ನಾನು ಒಂದು ದಿನವೂ ಹೊಗಳಿದವನಲ್ಲ.

ಆದ್ದರಿಂದ ಆ ಆದೇಶ ರದ್ದು ಮಾಡಿ ಅರ್ಜಿಯನ್ನು ಮತ್ತೆ ತೆರೆಯಿರಿ. ಮೂಳೆ ವೈದ್ಯರೊಬ್ಬರನ್ನು ಕಳಿಸಿ, ಅವರೂ ಉಂಡೇ ಹೋಗಲಿ. ಆದರೆ ಊಟಕ್ಕೆ ಮೊದಲು, ನಿನ್ನ ಜಡೆ ನೀನೇ ಹೆಣೆದುಕೋ ತಾಯಿ ಎಂದು ಆಕೆಗೆ ಹೇಳಲಿ. ಈಗ ಪಕ್ಕದ ಮನೆಯ ಜೈನಾಬಿ ದಿನವೂ ಬಂದು ಹೆಣೆದು ಹೋಗುತ್ತಾರೆ. ನಾನಿನ್ನೂ ಅದನ್ನು ಕಲಿತಿಲ್ಲ, ಹಾಗಾಗಿ ತಮಗೆ ಮೋಸವಾಗುವ ಭಯವಿಲ್ಲ.

ಇಂತಿ,
ಹೆಂಡತಿಯ ಅರ್ಜಿಗೆ ತಾನೇ ಮುಳುವಾದ
ದೇವೀಂದ್ರಪ್ಪ
ಗಾಜಿಪುರ, ಕಲಬುರಗಿ