ಅತ್ತೆ ಮಗುವನ್ನು ಎತ್ತುವುದಿಲ್ಲ

೪ ಏಪ್ರಿಲ್ ೨೦೧೧, ಸೋಮವಾರ

ಇವತ್ತೂ ಬಟ್ಟೆ ನಾನೇ ಒಣಹಾಕಿದೆ. ಒಂದು ಕೈಯಲ್ಲಿ ಯಶು, ಇನ್ನೊಂದರಲ್ಲಿ ಒದ್ದೆ ಸೀರೆ. ಅತ್ತೆ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಮಗುವನ್ನು ಒಂದು ನಿಮಿಷ ಹಿಡಿಯಿರಿ ಅಂದೆ. ಕೈ ಸೋಲುತ್ತದೆ, ದಮ್ಮು ಹತ್ತುತ್ತದೆ ಅಂದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಬಜಾರಕ್ಕೆ ಹೋಗಿ ಮೆಣಸಿನಕಾಯಿ ತಂದರು.

ನಡೆಯುವಾಗ ಇಲ್ಲದ ದಮ್ಮು ಮಗು ಕಂಡ ಕೂಡಲೇ ಬರುತ್ತದೆ.

ಕಾಯಿಲೆ ಸುಳ್ಳಲ್ಲ, ಅದು ಗೊತ್ತು. ಇದೇ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಹುಡುಗಿಯಾಗಿದ್ದಾಗಿನಿಂದ ದುಡಿದವರು. ಆ ಧೂಳು, ಮೇಲೆ ಒಲೆಯ ಹೊಗೆ. ದಿನಾ ದಮ್ಮಿನ ಔಷಧದ ಪಂಪು ಬಾಯಿಗಿಟ್ಟು ಎಳೆಯುತ್ತಾರೆ. ಆದರೆ ಎಷ್ಟು ನಿಜ, ಎಷ್ಟು...

ಪಡಸಾಲೆಯಲ್ಲಿ ಫೋಟೋ ಇದೆ. ಕಾಗವಾಡದ ನಾದಿನಿ ಪೂನಮಳ ಮಗ ನಿಲೇಶನನ್ನು ಅತ್ತೆ ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದಿದ್ದಾರೆ. ನಗು ಬೇರೆ. ಅದು ಗಂಡು. ನನ್ನದು ಹೆಣ್ಣು. ಇಷ್ಟೇ ಇರಬೇಕು.

ಜೂನ್ ಒಂದಕ್ಕೆ ಹೈಸ್ಕೂಲು ಶುರು, ನನ್ನ ಹೆರಿಗೆ ರಜೆ ಮುಗಿಯುತ್ತದೆ, ಆಮೇಲೆ ಹಗಲೆಲ್ಲ ಯಶು ಅತ್ತೆಯ ಹತ್ತಿರವೇ ಇರಬೇಕು. ಕ್ಲರ್ಕ್ ಕೆಲಸ ಈಗ ಬಿಟ್ಟರೆ ಮತ್ತೆ ಸಿಗುವುದಿಲ್ಲ.

೧೪ ಏಪ್ರಿಲ್, ಸಂಜೆ

ಬಾಬಾಸಾಹೇಬರ ಜಯಂತಿ. ಅತ್ತೆ ಬಿಳಿ ಸೀರೆ ಉಟ್ಟು ಮೆರವಣಿಗೆಯ ಜೊತೆ ಬುದ್ಧ ವಿಹಾರದವರೆಗೂ ನಡೆದರು. ನಿಧಾನ, ಅಲ್ಲಲ್ಲಿ ಗೋಡೆ ಹಿಡಿದು ನಿಂತು — ಆದರೂ ನಡೆದರು. ನಾನು ಹಿಂದೆಯೇ ಇದ್ದೆ. ಕಣ್ಣಿಟ್ಟಿದ್ದೆ.

ಮನೆಗೆ ಬಂದು ತಲೆ ಬಾಚಿಕೊಳ್ಳಲು ಕೈ ಎತ್ತಿದರು. ಅರ್ಧಕ್ಕೇ ಬಾಚಣಿಕೆ ಬಿಟ್ಟು ಏದುಸಿರು. ನಾನು ಬಾಗಿಲಲ್ಲಿ ನಿಂತದ್ದನ್ನು ನೋಡಿರಲಿಲ್ಲವೋ, ನೋಡಿಯೇ ಹಾಗೆ ಮಾಡಿದರೋ?

ನಮ್ಮ ಮನೆಯವರು ಸಕ್ಕರೆ ಕಾರ್ಖಾನೆಯಿಂದ ಬಂದ ಮೇಲೆ ಎಲ್ಲ ಹೇಳಿದೆ. ಇವರಿಗೆ ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ಚಿಕ್ಕೋಡಿಯಲ್ಲಿ ಎದೆ ಡಾಕ್ಟರಿಗೆ ತೋರಿಸೋಣ ಅಂದರು. ಒಳ್ಳೆಯದೇ. ಗೊತ್ತಾಗಲಿ.

೧೮ ಏಪ್ರಿಲ್

ಚಿಕ್ಕೋಡಿಗೆ ಹೋಗಿ ಬಂದೆವು. ಮೆಷಿನ್ನಿಗೆ ಊದಿಸಿದರು. ಡಾಕ್ಟರು ಔಷಧ ಬದಲಿಸಿ, ಫಿಜಿಯೋ ಮೇಡಂ ಹತ್ತಿರ ಕಳಿಸಿದರು. ರಾಜೇಶ್ವರಿ ಅಂತ ಹೆಸರು, ವಯಸ್ಸು ನನ್ನಷ್ಟೇ.

ಯಶು ಅತ್ತಳು. ಹಾಲು ಕುಡಿಸಲು ಹೊರಗೆ ಹೋದೆ. ವಾಪಸ್ಸು ಬಂದಾಗ ಅತ್ತೆಯನ್ನು ಕಾರಿಡಾರಿನಲ್ಲಿ ನಡೆಸುತ್ತಿದ್ದರು. ನಡೆದರು. ಆಮೇಲೆ ಕುರ್ಚಿಯಲ್ಲಿ ಕೂರಿಸಿ ಎರಡೂ ಕೈ ಮೇಲೆ ಎತ್ತಿ ಇಳಿಸಲು ಹೇಳಿದರು. ಸ್ವಲ್ಪದರಲ್ಲೇ ತುಟಿ ಕಪ್ಪಿಟ್ಟಿತು. ಸಾಕು ಸಾಕು ಅಂದರು ಮೇಡಂ. ನಾನು ಕೇಳಿರಲಿಲ್ಲ, ಆದರೂ ನನ್ನ ಕಡೆಗೇ ತಿರುಗಿ ಹೇಳಿದರು:

"ಎದಿ ಸೋತವರಿಗೆ ಕುತ್ತಿಗಿ, ಹೆಗಲಿನ ಸ್ನಾಯು ಉಸಿರು ಎಳಿಯಾಕ ಬೇಕಾಗತಾವ್ರಿ. ಕೈ ಮ್ಯಾಲೆ ಎತ್ತಿದ್ರ ಅವು ಕೈಗೂ ಬೇಕು, ಉಸಿರಿಗೂ ಬೇಕು. ಅದಕ್ಕ ಇವರು ಬಜಾರತನಕ ನಡೀತಾರ, ತಲಿ ಬಾಚಿಕೊಳ್ಳಾಕ ಆಗೂದಿಲ್ಲ."

ಬಜಾರದ ಮಾತು ಮೇಡಂಗೆ ಯಾರು ಹೇಳಿದ್ದು? ತಲೆ ಬಾಚುವ ಮಾತು? ನಾನು ಹೊರಗಿದ್ದಾಗ ಒಳಗೆ ಅತ್ತೆ, ಮೇಡಂ ಇಬ್ಬರೇ ಇದ್ದರಲ್ಲ.

ಕೈಗೆ ಕಸರತ್ತು ಕೊಟ್ಟಿದ್ದಾರೆ. ಎರಡೂ ಕೈಯಲ್ಲಿ ಅರ್ಧ ಲೀಟರಿನ ನೀರಿನ ಬಾಟಲಿ. ಎತ್ತುವಾಗ ತುಟಿ ಮಡಿಚಿ ಮೆಲ್ಲಗೆ ಊದಬೇಕು. ಇಳಿಸುವಾಗ ಎಳೆದುಕೊಳ್ಳಬೇಕು. ತಿಂಗಳು, ಒಂದೂವರೆ ತಿಂಗಳು ಬಿಡದೆ ಮಾಡಿದರೆ ಫರಕ್ಕು ಕಾಣುತ್ತದಂತೆ.

ಬಸ್ಸಿನಲ್ಲಿ ಇವರು ಅಂದರು — ಆಗದಿದ್ದರೆ ಯಶುವನ್ನು ಅಥಣಿ ಕಡೆಯ ಅನಂತಪುರದಲ್ಲಿ ನಿಮ್ಮ ಅವ್ವನ ಹತ್ತಿರ ಬಿಡೋಣ. ಇನ್ನೂ ಮೊಲೆ ಕುಡಿಯುವ ಕೂಸು. ಕಿಟಕಿಯ ಕಡೆ ತಿರುಗಿದೆ.

೨೭ ಏಪ್ರಿಲ್

ಅತ್ತೆ ಕಸರತ್ತನ್ನು ಬಾಗಿಲು ಹಾಕಿಕೊಂಡು ಮಾಡುತ್ತಾರೆ. ಚಿಲಕ ಸಮೇತ. ಕೈ ಎತ್ತಲು ಚಿಲಕ ಯಾಕೆ? ಮಾಡುತ್ತಾರೋ, ಸುಮ್ಮನೆ ಮಲಗಿರುತ್ತಾರೋ. ಬಾಗಿಲಿಗೆ ಕಿವಿ ಇಟ್ಟೆ. ಫೂ... ಅಂತ ಕೇಳಿಸಿತು. ಊದಲು ಕೈ ಎತ್ತಲೇಬೇಕು ಅಂತೇನಿಲ್ಲ.

ಕೇಳಿದರೆ, ನಿನ್ನ ಮುಂದೆ ನಾಚಿಕೆ ಅಂದರು.

೬ ಮೇ, ಮಧ್ಯಾಹ್ನ

ಇವತ್ತು ಸಿಕ್ಕಿತು. ಯಶುವನ್ನು ಮಲಗಿಸಿ ಹಿತ್ತಲಿಗೆ ಹೋಗುತ್ತಿದ್ದೆ. ಅತ್ತೆ ಮೊಬೈಲಿನಲ್ಲಿ, ದನಿ ತಗ್ಗಿಸಿ, ಅರ್ಧ ಮರಾಠಿ ಅರ್ಧ ಕನ್ನಡ. ಪೂನಮಳ ಜೊತೆಗೇ. ಈಗ ಕೈ ಸ್ವಲ್ಪ ಹಗುರಾಗಿದೆ ಅಂದರು. ಆಮೇಲೆ ನನ್ನ ಹೆಸರು ಕೇಳಿಸಿತು —

"ನೀಲಮಗ ಹೇಳಬ್ಯಾಡ. ಯಾವತ್ತೂ ಹೇಳಬ್ಯಾಡ."

ಪೂನಮಳಿಗೆ ಈಗ ಎರಡನೆಯದು. ಶ್ರಾವಣದ ಹೊತ್ತಿಗೆ ಹೆರಿಗೆ. ತಿಳಿಯಿತು. ಚಿಕ್ಕೋಡಿಯ ಖರ್ಚು, ಓಡಾಟ ನಮ್ಮದು, ಗಟ್ಟಿಯಾದ ಕೈ ಕಾಗವಾಡಕ್ಕೆ. ಅಲ್ಲಿಯ ಮೊಮ್ಮಗನನ್ನು ಆಡಿಸಲು.

ಇವರಿಗೆ ಹೇಳಲಿಲ್ಲ. ಹೇಳಿದರೆ, ನಿನಗೆ ಎಲ್ಲದರಲ್ಲೂ ಸಂಶಯ ಅನ್ನುತ್ತಾರೆ.

೧೫ ಮೇ

ಯಶುವಿನ ಹಳದಿ ಅಂಗಿ ಇಲ್ಲ. ನುಣುಪು ಟೆರಿಲಿನ್ನಿನದು, ನಮ್ಮ ಅಣ್ಣ ಅಥಣಿಯಿಂದ ತಂದದ್ದು. ಹಗ್ಗದ ಮೇಲೆ ಇತ್ತು. ಗಾಳಿ ಇಲ್ಲ. ನಾಯಿ ಎಳೆಯುವಷ್ಟು ಕೆಳಗೂ ಇರಲಿಲ್ಲ. ಅತ್ತೆಯನ್ನು ಕೇಳಿದೆ. ನೋಡಿಲ್ಲ ಅಂದರು. ಮುಖ ನೋಡದೆ ಅಂದರು.

ಮಗು ತೊಟ್ಟ ಬಟ್ಟೆ ಹೋಗಬಾರದು ಅಂತ ಪಕ್ಕದ ಮನೆಯ ಸುಂದರಾ ಅಂದಳು. ಅದರಿಂದ ಮಾಟ ಗೀಟ ಏನೇನೋ ಮಾಡಿಸುತ್ತಾರಂತೆ. ನಾವು ಅದನ್ನೆಲ್ಲ ನಂಬುವವರಲ್ಲ ಅಂದೆ. ಅಂದೆ ನಿಜ. ಆದರೆ ಯಶುವನ್ನು ಕಂಕುಳಿಂದ ಇಳಿಸಲಿಲ್ಲ, ಇಡೀ ದಿನ.

೧೯ ಮೇ

ಬರೆಯಲೇಬೇಕು.

ಮಧ್ಯಾಹ್ನ ಅತ್ತೆಯ ಕೋಣೆಯ ಚಿಲಕ ಬಿದ್ದಿರಲಿಲ್ಲ. ತಳ್ಳಿದೆ. ಮಂಚದ ಅಂಚಿನಲ್ಲಿ ಕೂತಿದ್ದಾರೆ. ಕೈಯಲ್ಲಿ ಒಂದು ಗಂಟು. ಗಂಟಿಗೆ ಹಳದಿ ಅಂಗಿ ತೊಡಿಸಿದೆ. ಅದನ್ನು ಮೆಲ್ಲಗೆ ಎದೆಗೆ ಎತ್ತುತ್ತಿದ್ದಾರೆ, ಊದುತ್ತಿದ್ದಾರೆ. ಮತ್ತೆ ತೊಡೆಗೆ ಇಳಿಸುತ್ತಾರೆ.

ನನ್ನ ಮಗಳಿಗೆ ಏನು ಮಾಡುತ್ತಿದ್ದೀರಿ ಅಂತ ಕೂಗಿದೆ. ಹೋಗಿ ಕಸಿದುಕೊಂಡೆ. ಭಾರ. ತಲೆದಿಂಬಿನ ಚೀಲದಲ್ಲಿ ಜೋಳ ತುಂಬಿ ಬಾಯಿ ಹೊಲಿದಿದ್ದಾರೆ. ಸರಿಯಾಗಿ ಯಶುವಿನಷ್ಟೇ ಭಾರ.

ಅತ್ತೆಗೆ ದಮ್ಮು ಹತ್ತಿತ್ತು. ಪಂಪು ಎಳೆದುಕೊಂಡರು. ನಾನು ನಿಂತೇ ಇದ್ದೆ. ದಮ್ಮು ಇಳಿದ ಮೇಲೆ ಅಂದರು:

"ಬರೇ ಚೀಲ ಆದ್ರ ಕೈಯಾಗ ಕುಂದರತೈತಿ. ಈ ಅಂಗಿ ಜಾರತೈತಿ. ಕೂಸು ಜಾರಿದ್ರ ನನ್ನ ಕೈ ತಡಿತಾವೋ ಇಲ್ಲೋ, ನೋಡಬೇಕಾಗಿತ್ತು."

ಅರ್ಥವಾಗಲಿಲ್ಲ.

"ನಿಲೇಶನ ಹುಬ್ಬಿನ ಮ್ಯಾಲಿನ ಗಾಯದ ಕಲಿ ನೋಡೀಯಲ್ಲ. ನಾವು ಎಲ್ಲಾರಿಗೂ ಹೇಳಿದಂಗ ಆಂವ ತೊಟ್ಟಿಲದಾಗಿಂದ ಬಿದ್ದಿಲ್ಲ. ನನ್ನ ಕೈಯಾಗಿಂದ ಬಿದ್ದಾನ. ಎತ್ತಿ ಆಡಸಾಕತ್ತಿದ್ದೆ, ದಮ್ಮ ಹತ್ತಿತು, ಕೈಯಾಗ ಜೀವಾನ ಉಳೀಲಿಲ್ಲ. ಪೂನಮಗ ಒಬ್ಬಾಕಿಗೇ ಗೊತ್ತು."

ನನಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ.

"ಹೇಳಿದ್ರ ನೀ ಕೂಸಿನ್ನ ನನ್ನ ಹಂತ್ಯಾಕ ಬಿಡತಿದ್ದೇನು?"

ಬಿಡುತ್ತಿರಲಿಲ್ಲ. ಅಂಗಿ ಬಿಚ್ಚಿಕೊಂಡು ಬಂದೆ. ಚೀಲ ಅಲ್ಲೇ ಬಿಟ್ಟೆ.

೨೦ ಮೇ

ಪೂನಮಳಿಗೆ ಫೋನ್ ಮಾಡಿದೆ. ಅತ್ತೆಯ ಮಾತನ್ನು ತಾಳೆ ನೋಡಲೇ ಮಾಡಿದ್ದು, ಸುಳ್ಳು ಯಾಕೆ. ಹೌದು ವೈನಿ, ಅಂದಳು. ಆ ದಿನದಿಂದ ಅವ್ವ ನಿಲೇಶನನ್ನೂ ಎತ್ತಿಲ್ಲ, ಬಾಣಂತನಕ್ಕೂ ಬರುವುದಿಲ್ಲ ಅಂದಿದ್ದಾಳೆ, ಅದಕ್ಕೆ ಇಲ್ಲಿ ಕಾಗವಾಡದಲ್ಲಿ ನನ್ನ ಅತ್ತೆ ಇದ್ದಾರೆ, ಅಂತಲೂ ಹೇಳಿದಳು.

ಫೋಟೋ ಮತ್ತೆ ನೋಡಿದೆ. ಆಗ ನಿಲೇಶನ ಹುಬ್ಬಿನ ಮೇಲೆ ಏನೂ ಇಲ್ಲ.

ಒಂದು ಸಂಶಯ ಹೋಯಿತು. ಅದರ ಜಾಗದಲ್ಲಿ ಹೆದರಿಕೆ ಬಂದು ಕೂತಿದೆ. ಮೊದಲು ಎತ್ತುವುದಿಲ್ಲ ಅಂತ ಸಿಟ್ಟು. ಈಗ ಎತ್ತಿದರೆ...

೩೦ ಮೇ

ಚಿಕ್ಕೋಡಿ. ಜೋಳದ ಚೀಲದ ಸಂಗತಿ ಮೇಡಂಗೆ ನಾನೇ ಹೇಳಿದೆ. ನಗಲಿಲ್ಲ. ಕಾಯಿಲೆ ಹೋಗುವುದಿಲ್ಲ, ಅದು ಇದ್ದೇ ಇರುತ್ತದೆ ಅಂದರು. ಕೈ ಮಾತ್ರ ಮೊದಲಿಗಿಂತ ತಡೆಯುತ್ತದೆ. ನಿಂತು ಎತ್ತುವುದು ಬೇಡ, ತಲೆಯ ಮೇಲೆ ಅಂತೂ ಬೇಡವೇ ಬೇಡ. ನೆಲದ ಮೇಲೆ ಚಾಪೆ ಹಾಸಿ ಕೂತು, ಎದೆಗೆ ಹತ್ತಿರ ಹಿಡಿದು, ಊದುತ್ತ ಎತ್ತಬಹುದು. ದಮ್ಮು ಬಂದರೆ ಮಗುವನ್ನು ತೊಡೆಗೆ ಇಳಿಸಿಬಿಡಬೇಕು. ಹಟ ಮಾಡಬಾರದು.

ಇವತ್ತು ಅತ್ತೆ ತಮ್ಮ ತಲೆ ತಾವೇ ಬಾಚಿಕೊಂಡಿದ್ದರು. ಬೈತಲೆ ಸೊಟ್ಟ. ನಾನು ಸರಿ ಮಾಡಲು ಹೋಗಲಿಲ್ಲ.

ಇವರು ಇನ್ನೂ ಅನಂತಪುರ ಅನ್ನುತ್ತಾರೆ. ನೀನು ಹೇಳಿದಂತೆ ಅಂದರು ಕೊನೆಗೆ. ನಿರ್ಧಾರ ನನ್ನ ತಲೆಗೇ ಬಂತು.

೩೧ ಮೇ, ಸಂಜೆ

ಅತ್ತೆ ಚಾಪೆಯ ಮೇಲೆ ಕೂತು, ಕೊಡು ಅಂದರು. ಕೊಟ್ಟೆ. ಆದರೆ ನನ್ನ ಎರಡೂ ಕೈ ಯಶುವಿನ ಕೆಳಗೇ ಇದ್ದವು.

"ಕೈ ತೆಗಿ, ನೀಲಮ."

ತೆಗೆಯಲಿಲ್ಲ.

"ತೆಗಿ. ನಾಳೆ ನಿನ್ನ ಕೈ ಇಲ್ಲಿ ಇರೂದಿಲ್ಲ."

ತೆಗೆದೆ. ಅತ್ತೆ ತುಟಿ ಮಡಿಚಿ ಊದಿದರು, ಎದೆಗೆ ಎತ್ತಿಕೊಂಡರು. ಯಶು ಅವರ ಕಿವಿ ಹಿಡಿದು ಜಗ್ಗಿದಳು. ಹೆಗಲ ಮೂಳೆ ಮೇಲೆ ಕೆಳಗೆ ಆಗುವುದು ಕಾಣುತ್ತಿತ್ತು. ಇನ್ನೂ ಹಿಡಿಯಬಹುದಿತ್ತೇನೋ, ಹಿಡಿಯಲಿಲ್ಲ. ತಾವಾಗಿಯೇ ತೊಡೆಗೆ ಇಳಿಸಿದರು. ಆಗ ನನ್ನ ಉಸಿರು ಬಿಟ್ಟೆ. ಅಲ್ಲಿಯತನಕ ಕಟ್ಟಿದ್ದು ಗೊತ್ತೇ ಇರಲಿಲ್ಲ.



೧ ಜೂನ್, ಬೆಳಿಗ್ಗೆ

ಡಬ್ಬಿ ಕಟ್ಟಿದೆ. ಹಾಲು ತೆಗೆದಿಟ್ಟೆ. ಸುಂದರಾಗೆ ಹೇಳಿದೆ, ಆಗಾಗ ಹಣಿಕಿ ನೋಡು ಅಂತ. ಅತ್ತೆಗೆ ಕೇಳಿಸಿತು. ಚಾಪೆ ಹಾಸಿಕೊಂಡು ಕೂತರು.

ಬಾಗಿಲತನಕ ಹೋಗಿ ತಿರುಗಿ ಬಂದೆ. ಮತ್ತೆ ಹೋದೆ, ಮತ್ತೆ ಬಂದೆ. ಬಸ್ಸು ತಪ್ಪುತ್ತದೆ, ಹೋಗು ಅಂದರು ಅತ್ತೆ. ಯಶು ಅಳುತ್ತಿಲ್ಲ. ಯಾಕೆ ಅಳುತ್ತಿಲ್ಲ? ಕಟ್ಟೆಯ ಮೇಲೆ ನಿಂತೇ ಇಷ್ಟು ಬರೆದೆ; ಇನ್ನೊಂದೇ ಸಲ ಕಿಟಕಿಯಿಂದ ನೋಡಿ, ಬಸ್ಸಿಗೆ ಹೋಗುತ್ತೇನೆ.