ದನಿ ಹೋದವನ ಫೋನು

ಮಾರ್ಚ್ 4, 2002, ಸೋಮವಾರ

ಬೆಳಿಗ್ಗೆ ಆರಕ್ಕೆ ಮೂರು ಬಡಿತ. ಒಂದಕ್ಕೆ ನೀರು, ಎರಡಕ್ಕೆ ಅಮ್ಮ, ಮೂರಕ್ಕೆ ನಾನು. ಎದ್ದು ಹೋಗಿ ಅಪ್ಪನ ಉಸಿರಿನ ನಳಿಗೆ ತೊಳೆದೆ. ಕತ್ತಿನ ತೂತಿನ ಮೇಲಿನ ಬಟ್ಟೆ ಬದಲಿಸಿದೆ. ಅವನು ಮುಖ ಆ ಕಡೆ ತಿರುಗಿಸಿಕೊಂಡ. ನಾನು ಈ ಕಡೆ. (ಈ ಪುಸ್ತಕದಲ್ಲಿ ಅಪ್ಪನಿಗೆ ಏಕವಚನ. ಎದುರಿಗೆ ಬಹುವಚನ ತಪ್ಪಿದ್ದಿಲ್ಲ.)

ಬಡಿಯುವುದು ಹರಾಜಿನ ಸುತ್ತಿಗೆಯಲ್ಲಿ. ಮೂವತ್ತಾರು ವರ್ಷ ಹರಾಜು ಕೂಗಿದವನು. ಸತ್ತವರ ಮನೆಯ ಮೇಜು ಕುರ್ಚಿ, ಮುಚ್ಚಿದ ಅಂಗಡಿಯ ಕಪಾಟು, ಜಪ್ತಿಯಾದ ಲಾರಿ. ಮೈಕ್ ಬೇಡದ ಗಂಟಲು. ಅದನ್ನೇ ಮನೆಗೂ ತರುತ್ತಿದ್ದ. ನಮ್ಮ ಊಟದಲ್ಲಿ ಉಪ್ಪು ಎಷ್ಟು ಬಿತ್ತು ಅಂತ ಎದುರು ಮನೆಯವರಿಗೂ ಗೊತ್ತಿರುತ್ತಿತ್ತು. ಜನವರಿಯಲ್ಲಿ ಡಾಕ್ಟರು ಗೆಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದರು. ಈಗ ಉಸಿರು ಕತ್ತಿನಿಂದ ಬರುತ್ತದೆ. ಮಾತು ಎಲ್ಲಿಂದಲೂ ಇಲ್ಲ.

ನಳಿಗೆ ಆದ ಮೇಲೆ ಚೀಟಿ ಕೊಟ್ಟ: "ಫೋನ್ ಏನಾಯ್ತು?"

ಮಾತು ಬಾರದವನು ಊರಿಗೇ ದೊಡ್ಡ ಫೋನು ತರಿಸಿದ್ದಾನೆ. ಕನ್ನಡಕದ ಡಬ್ಬಿಯ ಹಾಗೆ ತೆರೆಯುತ್ತದೆ. ಒಳಗೆ ಕೀಲಿಮಣೆ, ಉದ್ದ ಪರದೆ. ಇಟ್ಟಿಗೆಯ ತೂಕ. ಇದರಿಂದಲೇ ಇಂಟರ್ನೆಟ್ಟಿಗೆ ಡಯಲ್ ಮಾಡಿ ಇಮೇಲ್ ಕಳಿಸಬಹುದಂತೆ. ಜೋಡಿಸಿಕೊಡುವ ಕೆಲಸ ನನ್ನ ತಲೆಗೆ.

ಮಾರ್ಚ್ 6, ಬುಧ

ಊಟದ ಮೇಜಿನಲ್ಲಿ ಅಮ್ಮ ಮಾತಾಡಿದಳು. ಗಡಿಯಾರ ನೋಡಿದೆ — ಹನ್ನೊಂದು ನಿಮಿಷ. ಒಂಬತ್ತು ವರ್ಷದವಳಿದ್ದಾಗ ತಪ್ಪು ಬಸ್ಸು ಹತ್ತಿ ಎಲ್ಲೋ ಹೋಗಿ, ಹಾಲಿನ ವ್ಯಾನಿನಲ್ಲಿ ವಾಪಸು ಬಂದಿದ್ದಳಂತೆ. ಡ್ರೈವರು ದಾರಿಯುದ್ದಕ್ಕೂ ಹಾರನ್ ಒತ್ತಲು ಕೊಟ್ಟಿದ್ದನಂತೆ. ನನಗೀಗ ಮೂವತ್ತೆಂಟು. ಈ ಕಥೆ ಕೇಳಿದ್ದು ಇವತ್ತು.

ನಡುವೆ ಕೋಣೆಯಿಂದ ಎರಡು ಬಡಿತ. ಅಮ್ಮ ಏಳಲಿಲ್ಲ. ವಾಕ್ಯ ಮುಗಿಸಿಯೇ ಎದ್ದಳು.

ಮಾರ್ಚ್ 9, ಶನಿ

ಇಡೀ ಮಧ್ಯಾಹ್ನ ಫೋನಿನ ಜೊತೆ ಗುದ್ದಾಟ. ಕೈಪಿಡಿ ದಪ್ಪ, ಅರ್ಥವಾಗುವುದು ತೆಳ್ಳಗೆ. ಡಯಲ್ ಮಾಡುವ ನಂಬರು, ಬಳಕೆದಾರನ ಹೆಸರು, ಪಾಸ್‌ವರ್ಡ್, ಬರುವ ಮೇಲ್‌ಗೆ ಒಂದು ಸರ್ವರು, ಹೋಗುವ ಮೇಲ್‌ಗೆ ಇನ್ನೊಂದು. ಅದೆಲ್ಲಕ್ಕಿಂತ ಮೊದಲು ಮೊಬೈಲ್ ಕಂಪನಿಯವರು "ಡೇಟಾ ಕಾಲ್" ತೆರೆದುಕೊಡಬೇಕು. ಅವರಿಗೆ ಫೋನು ಮಾಡಿದೆ.

"ಕನೆಕ್ಷನ್ ನಿಮ್ಮ ತಂದೆಯವರ ಹೆಸರಲ್ಲಿದೆ ಮೇಡಂ. ಅವರೇ ಮಾತಾಡ್ಬೇಕು."

"ಅವರಿಗೆ ಮಾತು ಬರಲ್ಲ."

"ಒಂದೇ ನಿಮಿಷ ಸಾಕು ಮೇಡಂ. ಹೂಂ ಅಂದ್ರೆ ಸಾಕು."

"ಹೂಂ ಅನ್ನೋದಕ್ಕೂ ಆಗಲ್ಲ. ಆಪರೇಷನ್ ಆಗಿದೆ."

"ರೂಲ್ಸ್ ಮೇಡಂ. ಫೋನ್ ಅವರ ಕೈಗೆ ಕೊಡಿ."

ಕೊಟ್ಟೆ. ಅವನು ಫೋನನ್ನು ಬಾಯಿಯ ಹತ್ತಿರ ಹಿಡಿದ, ಹಳೆಯ ಅಭ್ಯಾಸ. ತುಟಿ ಆಡಿತು. ಗಾಳಿ ಕತ್ತಿನಿಂದ ಹೋಯಿತು. ಮುಖ ಕೆಂಪಾಯಿತು. ಸುತ್ತಿಗೆ ತೆಗೆದು ಮೇಜಿಗೆ ನಾಲ್ಕು ಸಲ ಬಡಿದು ಫೋನು ನನ್ನತ್ತ ತಳ್ಳಿದ.

"ಯಾರೋ ಏನೋ ಒಡೀತಾ ಇದಾರೆ ಮೇಡಂ," ಅಂದಳು ಆಕೆ.

"ಅದೇ ಅವರು ಹೂಂ ಅಂದಿದ್ದು."

ಕೊನೆಗೆ, ಸಹಿ ಮಾಡಿದ ಪತ್ರ ಫ್ಯಾಕ್ಸ್ ಮಾಡಿ ಅಂದರು. ನಗು ಬಂದಿತ್ತು. ತಡೆದೆ. ಅವನು ನೋಡಿಬಿಟ್ಟ.

ಮಾರ್ಚ್ 13, ಬುಧ

ಡೇಟಾ ಕಾಲ್ ತೆರೆದಿದೆಯಂತೆ. ಖುಷಿಗೆ ಅಪ್ಪ ಕಳಿಸಬೇಕಾದ ಮೇಲ್‌ಗಳನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟಿದ್ದಾನೆ. ಕೋಣೆ ಗುಡಿಸುವಾಗ ದಿಂಬಿನ ಕೆಳಗೆ ಸಿಕ್ಕಿತು. ಓದಿದೆ. ನಾಚಿಕೆಯೇನಿಲ್ಲ.

ಒಂದು ಅಮ್ಮನ ಮೇಲಿನ ದೂರು, ಗಂಟೆ ನಿಮಿಷ ಸಮೇತ. "8.14ಕ್ಕೆ ಬಡಿದೆ. 8.18ಕ್ಕೆ ಬಂದಳು. ಪಕ್ಕದ ಮನೆಯವಳ ಜೊತೆ ಮಾತು 20 ನಿಮಿಷ." ಇದು ದಿನವೂ ನನ್ನ ಆಫೀಸಿನ ವಿಳಾಸಕ್ಕೆ ಬರಬೇಕಂತೆ. ನಾನು ವಿಚಾರಿಸಬೇಕಂತೆ.

ಎರಡನೆಯದು ನಾನು ಕೆಲಸ ಮಾಡುವ ಮುದ್ರಣಾಲಯದ ಮ್ಯಾನೇಜರಿಗೆ. "ನನ್ನ ಮಗಳು ಸಂಜೆ ಮನೆಗೆ ಬರುವುದು ತಡವಾಗುತ್ತಿದೆ. ಅವಳ ನಡತೆಯ ಬಗ್ಗೆ ತಮ್ಮೊಂದಿಗೆ ಮಾತಾಡುವುದಿದೆ."

ಇದನ್ನು ನಾನು ಎರಡು ಸಲ ನೋಡಿದ್ದೇನೆ. ಮೊದಲ ಸಲ ಶಾಲೆಯ ಕೆಲಸ — ಹೆಡ್‌ಮಿಸ್ಟ್ರೆಸ್ಸಿಗೆ ಫೋನು ಮಾಡಿ ಅರ್ಧ ಗಂಟೆ ಕೂಗಿದ. ಮರುದಿನ ಆಕೆ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ, ತಿಂಗಳ ಕೊನೆಗೆ ಕೆಲಸವೂ ಇರಲಿಲ್ಲ. ಎರಡನೆಯ ಸಲ ನನ್ನನ್ನು ಮದುವೆಗೆ ಕೇಳಿಕೊಂಡು ಬಂದಿದ್ದ ಅಳತೆಗಾರ. ಭೂಮಿ ಅಳೆಯುವ ಕೆಲಸ, ಮೆತ್ತಗಿನ ಮನುಷ್ಯ. ಅವನ ತಾಯಿ ಫೋನೆತ್ತಿದರು. ಅಪ್ಪ ಕೂಗಿದ. ಮುಗಿಯಿತು.

ಮಾರ್ಚ್ 14, ಗುರು

ಎಲ್ಲ ಜೋಡಿಸಿದೆ. ಎಲ್ಲವೂ ಸರಿ. ಒಂದು ಅಂಕಿ ಬಿಟ್ಟು.

ಟೆಲಿಫೋನ್ ಡೈರೆಕ್ಟರಿಯ ಕರಡು ತಿದ್ದುವುದು ನನ್ನ ಹೊಟ್ಟೆಪಾಡು. ದಿನಕ್ಕೆ ನಾಲ್ಕು ಸಾವಿರ ನಂಬರು. ಜೊತೆಯಾಕೆ ಗಟ್ಟಿಯಾಗಿ ಓದುತ್ತಾಳೆ, ನಾನು ಬೆರಳಿಟ್ಟು ಹೋಗುತ್ತೇನೆ. ಹದಿಮೂರು ವರ್ಷದಲ್ಲಿ ನನ್ನ ಬೆರಳ ಕೆಳಗಿಂದ ತಪ್ಪಿಸಿಕೊಂಡ ಅಂಕಿ ಮೂರೋ ನಾಲ್ಕೋ. ಇವತ್ತು ಡಯಲ್ ನಂಬರಿನಲ್ಲಿ 3 ಇರಬೇಕಾದಲ್ಲಿ 8 ಹಾಕಿದೆ. ಪಾಪದ ಯಾರ ಮನೆಯಲ್ಲೂ ಫೋನೆತ್ತಿದರೆ ಇಂಟರ್ನೆಟ್ಟಿನ ಕೀಚಲು ಸದ್ದು ಕೇಳಬಾರದೆಂದು ಕಡಿತಗೊಂಡ ನಂಬರುಗಳ ಪಟ್ಟಿ ನೋಡಿಯೇ ಹಾಕಿದ್ದು. ಕೆಲಸ ಅಚ್ಚುಕಟ್ಟಾಗಿರಬೇಕು.

ಅಪ್ಪ ಬಟನ್ ಒತ್ತಿದ. ಪರದೆಯ ಮೇಲೆ: ಸಂಪರ್ಕ ವಿಫಲ.

"ನೆಟ್‌ವರ್ಕ್ ಸರಿಯಿಲ್ಲ ಅನ್ಸುತ್ತೆ ಅಪ್ಪ. ನಾಳೆ ನೋಡಿ."

ಮಾರ್ಚ್ 23, ಶನಿ

ಒಂಬತ್ತು ದಿನದಿಂದ ಡಯಲ್ ಮಾಡುತ್ತಿದ್ದಾನೆ. ಕಿಟಕಿಯ ಹತ್ತಿರ, ಮಹಡಿ ಮೆಟ್ಟಿಲ ಮೇಲೆ, ಬಾಲ್ಕನಿಯಲ್ಲಿ ಕೈ ಹೊರಗೆ ಚಾಚಿ. ಸಂಪರ್ಕ ವಿಫಲ. ಮೊನ್ನೆ ಫೋನನ್ನು ಗೋಡೆಗೆ ಎಸೆಯಲು ಎತ್ತಿ, ಎಸೆಯದೆ ಇಳಿಸಿದ.

ಅಮ್ಮ ಈಗ ಬೆಳಿಗ್ಗೆಯೂ ಮಾತಾಡುತ್ತಾಳೆ. ಪಾತ್ರೆ ತೊಳೆಯುತ್ತ, ನನಗಲ್ಲ, ನಲ್ಲಿಗೆ. ಚೀಟಿ ಕೊಟ್ಟರೆ "ಕನ್ನಡಕ ಸಿಗ್ತಿಲ್ಲ" ಅನ್ನುತ್ತಾಳೆ. ಕನ್ನಡಕ ತಲೆಯ ಮೇಲೇ ಇರುತ್ತದೆ.

ನನಗೆ ಪಶ್ಚಾತ್ತಾಪ ಆಗುತ್ತಿದೆಯೇ ಎಂದು ಹುಡುಕಿ ನೋಡಿದೆ. ಇಲ್ಲ.

ಏಪ್ರಿಲ್ 2, ಮಂಗಳ

ಸಿಕ್ಕಿಬಿದ್ದೆ.

ನಾನು ಕೆಲಸಕ್ಕೆ ಹೋದ ಮೇಲೆ ಅವನೊಬ್ಬನೇ ಟ್ಯಾಕ್ಸಿ ಹಿಡಿದು ಫೋನಿನ ಅಂಗಡಿಗೆ ಹೋಗಿದ್ದಾನೆ. ಅಂಗಡಿಯವನು ಎರಡೇ ನಿಮಿಷದಲ್ಲಿ ತಪ್ಪು ಅಂಕಿ ಹಿಡಿದು ತಿದ್ದಿದ್ದಾನೆ. ಸಂಜೆ ಬಾಗಿಲು ತೆಗೆದರೆ ಅಪ್ಪ ಎದುರಿಗೇ ಕುರ್ಚಿ ಹಾಕಿಕೊಂಡು ಕೂತಿದ್ದ. ಚೀಟಿ ಸಿದ್ಧವಿತ್ತು.

"ಡೈರೆಕ್ಟರಿ ತಿದ್ದುವವಳಿಗೆ 3 ಯಾವುದು 8 ಯಾವುದು ತಿಳಿಯಲಿಲ್ಲವೇ?"

"ತಿಳಿದೇ ಹಾಕಿದ್ದು," ಅಂದೆ. "ನಿಮ್ಮ ದಿಂಬಿನ ಕೆಳಗಿದ್ದಿದ್ದು ಓದಿದೀನಿ ಅಪ್ಪ. ನನ್ನ ಮ್ಯಾನೇಜರಿಗೆ ಬರೆದಿದ್ದು. ಇದು ಮೂರನೇ ಸಲ. ಇನ್ನೆಷ್ಟು ಸಲ?"

ಎದ್ದ. ಬಾಯಿ ಪೂರ್ತಿ ತೆರೆಯಿತು. ಆ ಬಾಯಿ ನನಗೆ ಚೆನ್ನಾಗಿ ಗೊತ್ತು. ಮೊದಲಾಗಿದ್ದರೆ ಕಿಟಕಿಯ ಗಾಜು ಅದುರುತ್ತಿತ್ತು. ಈಗ ಕತ್ತಿನ ಬಟ್ಟೆ ಒಮ್ಮೆ ಉಬ್ಬಿ ಕೂತಿತು, ಅಷ್ಟೆ. ಚೀಟಿ ಎಳೆದುಕೊಂಡು ಒಂದೇ ಪದ ಗೀಚಿದ. "ಹೊರಗೆ." ಬೆರಳು ಬಾಗಿಲಿನ ಕಡೆ.

ಅಮ್ಮ ಅಡುಗೆಮನೆಯಿಂದ ಬಂದಳು. ಚೀಟಿ ಅವನ ಕೈಯಿಂದ ತೆಗೆದುಕೊಂಡಳು. ಈ ಸಲ ಕನ್ನಡಕ ಸಿಕ್ಕಿತ್ತು. ಓದಿ, ನಾಲ್ಕಾಗಿ ಮಡಿಸಿ ಸೆರಗಿನೊಳಗೆ ಇಟ್ಟುಕೊಂಡಳು.

"ಅವಳು ಎಲ್ಲೂ ಹೋಗಲ್ಲ. ನಾಳೆ ನಿಮ್ಮ ನಳಿಗೆ ನಾನು ತೊಳೀಲಾ? ನನಗೆ ಬರಲ್ಲ."

ಅವನು ಕೂತ.

ಏಪ್ರಿಲ್ 8, ಸೋಮ

ಮೇಲ್ ಹೋಗಿದೆ. ಮ್ಯಾನೇಜರು ಅದನ್ನು ಪ್ರಿಂಟ್ ತೆಗೆದು ನನ್ನ ಮೇಜಿಗೇ ತಂದರು. ಅಪ್ಪನ ಫೋನಿನಲ್ಲಿ ಕನ್ನಡ ಅಕ್ಷರ ಇಲ್ಲ, ಎಲ್ಲ ಇಂಗ್ಲಿಷ್ ಲಿಪಿಯಲ್ಲಿ. ನಾಲ್ಕು ಸಾಲು. ಕಾಗದದ ಮುಕ್ಕಾಲು ಭಾಗ ಖಾಲಿ.

"ನಿಮ್ಮ ತಂದೆಯವರಾ? ಹುಷಾರಾಗಿದಾರಾ?"

"ಹೂಂ ಸರ್."

"ಏನು ಬರೆದಿದಾರೆ ಅಂತ ಓದೋಕೇ ಆಗ್ಲಿಲ್ಲ. ಸ್ಪೆಲಿಂಗ್ ಒಂದೂ ಸರಿಯಿಲ್ಲ. ಮುಖ್ಯವಾದದ್ದಾ?"

"ಅಲ್ಲ ಸರ್."

"ಸರಿ. 'ಮ' ಅಕ್ಷರ ಇವತ್ತು ಮುಗೀಬೇಕು."

ಹೋದರು. ಕಾಗದವನ್ನು ಬಹಳ ಹೊತ್ತು ನೋಡಿದೆ. ಇಷ್ಟೇನಾ ಇವನು? ಗಂಟಲು ತೆಗೆದುಬಿಟ್ಟರೆ, ಇಷ್ಟೇ?

ಏಪ್ರಿಲ್ 20, ಶನಿ

ಅಪ್ಪನ ಹೊಸ ಹುಕುಂ: ಅಮ್ಮನಿಗೂ ಒಂದು ಇಮೇಲ್ ವಿಳಾಸ ಮಾಡಬೇಕು. ಚೀಟಿ ನೋಡುವುದಿಲ್ಲವಲ್ಲ, ಇನ್ನು ಮೇಲ್‌ನಲ್ಲೇ ಹೇಳುತ್ತಾನಂತೆ. ವಾರಕ್ಕೊಮ್ಮೆ ನಾನು ಕರೆದುಕೊಂಡು ಹೋಗಿ ಓದಿಸಬೇಕಂತೆ. ನಡುವೆ ಒಂದು ಗೋಡೆ. ಆ ಗೋಡೆ ದಾಟಲು ಮಾತು ಯಾವ ದೇಶದ ಸರ್ವರಿಗೆ ಹೋಗಿ ಬರುತ್ತದೋ.

ಅಮ್ಮ ಬೇಡವೆನ್ನುತ್ತಾಳೆ ಅಂದುಕೊಂಡೆ. "ಮಾಡು" ಅಂದಳು.

ಮಾರ್ಕೆಟ್ಟಿನ ಹಿಂದಿನ ಇಂಟರ್ನೆಟ್ ಸೆಂಟರು. ಪ್ಲೈವುಡ್ಡಿನ ನಾಲ್ಕನೆಯ ಗೂಡು. ವಿಳಾಸ ಮಾಡಿದೆ, ಪಾಸ್‌ವರ್ಡ್ ಇಟ್ಟೆ, ಅಮ್ಮನಿಗೂ ಬರೆದುಕೊಟ್ಟೆ.

ಮೇ 11, ಶನಿ

ಐವತ್ತೆರಡು ಮೇಲ್. ಎಲ್ಲವೂ ದಪ್ಪ ಅಕ್ಷರದಲ್ಲಿ, ಅಂದರೆ ತೆರೆದಿಲ್ಲ. ಒಂದೊಂದಕ್ಕೂ ತಲೆಬರಹ. ಊಟ ತಣ್ಣಗಿತ್ತು. ನೀನು ಬಾಗಿಲು ಜೋರಾಗಿ ಹಾಕಿದೆ. 8.14. ಮತ್ತೆ 8.14.

"ತೆಗೀಲಾ?" ಎಂದು ಮೂರು ಶನಿವಾರದಿಂದ ಕೇಳುತ್ತಿದ್ದೇನೆ.

"ಬೇಡ," ಅಂದಳು ಇವತ್ತೂ. "ಮೂವತ್ತೊಂಬತ್ತು ವರ್ಷ ಕೂಗಿದ್ರು. ಕಿವಿಗೇನು ಬಾಗಿಲಿದೆಯಾ ಹಾಕ್ಕೊಳ್ಳೋಕೆ? ಇದಕ್ಕಿದೆ. ಇರ್ಲಿ ಬಿಡು, ಹೊರಗೇ ನಿಂತಿರ್ಲಿ."

ಕುರ್ಚಿಗೆ ಒರಗಿ ಆ ಪಟ್ಟಿಯನ್ನು ನೋಡುತ್ತ ಕೂತಳು. ಸಿನಿಮಾ ನೋಡುವವರ ಹಾಗೆ, ಆರಾಮಾಗಿ.

ಕೊನೆಯ ನಾಲ್ಕರ ತಲೆಬರಹ ಬೇರೆ ಥರ ಇತ್ತು. ಕೇಳು. ಒಂದು ವಿಷಯ. ಯಾಕೆ ಉತ್ತರ ಇಲ್ಲ. ದಯವಿಟ್ಟು.

ದಯವಿಟ್ಟು. ಆ ಪದ ಅವನಿಗೆ ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ. ಅಮ್ಮನ ಮುಖ ನೋಡಿದೆ. ಅವಳೂ ಅದನ್ನೇ ನೋಡುತ್ತಿದ್ದಳು.

"ಹೊತ್ತಾಯ್ತು, ನಡಿ," ಅಂದಳು.

ಮೇ 28, ಮಂಗಳ

ತಡೆಯಲಾಗಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಆಫೀಸಿನ ಕಂಪ್ಯೂಟರಿನಿಂದ ಅಮ್ಮನ ಅಂಚೆಪೆಟ್ಟಿಗೆ ತೆರೆಯಲು ಹೋದೆ. "ದಯವಿಟ್ಟು" ಒಂದನ್ನು ಓದಿ ಬಿಡೋಣವೆಂದು. ಪಾಸ್‌ವರ್ಡ್ ತಪ್ಪು ಅಂತ ಬಂತು. ಮತ್ತೆ ಹೊಡೆದೆ. ತಪ್ಪು. ಅಂಕಿ ಅಕ್ಷರದಲ್ಲಿ ನಾನು ತಪ್ಪುವವಳಲ್ಲ.

ಸಂಜೆ ಸೆಂಟರಿಗೆ ಹೋದೆ. ಅಲ್ಲಿ ಕೂರುವಾಕೆ ಗುರುತು ಹಿಡಿದು ನಕ್ಕಳು.

"ನಿಮ್ಮ ತಾಯಿ ಈಗ ತಾನೇ ಹೋದ್ರಲ್ಲ. ಮಂಗಳವಾರ, ಗುರುವಾರ ತಪ್ಪದೆ ಬರ್ತಾರೆ. ಪಾಸ್‌ವರ್ಡ್ ಬದಲಾಯಿಸೋದು ಹೇಗೆ ಅಂತ ಕೇಳಿದ್ರು, ತೋರಿಸ್ದೆ. ಟೈಪಿಂಗ್ ಮಾತ್ರ ನಾನು ಹೇಳಿಕೊಡ್ಬೇಕಾಗಿಲ್ಲಪ್ಪ. ಕೀಬೋರ್ಡ್ ನೋಡೋದೇ ಇಲ್ಲ, ಪಟಪಟ ಪಟಪಟ."

ಮನೆಗೆ ಬಂದು ಅಮ್ಮನನ್ನು ಕೇಳಿದೆ.

"ಮದುವೆಗೆ ಮುಂಚೆ ಎರಡು ವರ್ಷ ವಕೀಲರ ಹತ್ರ ಟೈಪಿಸ್ಟ್ ಆಗಿದ್ದೆ," ಅಂದಳು, ತರಕಾರಿಯಿಂದ ಕಣ್ಣೆತ್ತದೆ.

"ನನಗೆ ಯಾವತ್ತೂ ಹೇಳಲಿಲ್ಲ."

"ಹೇಳೋದಕ್ಕೆ ಈ ಮನೇಲಿ ಜಾಗ ಎಲ್ಲಿತ್ತು?"

"ಅಪ್ಪಂದೆಲ್ಲ ಓದಿದ್ಯಾ?"

"ನನಗೆ ಬಂದ ಪತ್ರ. ನಿನಗ್ಯಾಕೆ?"

ಹಾಗೆ ಒರಟಾಗಿ ಅಮ್ಮ ನನ್ನ ಹತ್ತಿರ ಮಾತಾಡಿದ್ದು ಇದೇ ಮೊದಲು. ಕೆನ್ನೆಗೆ ಹೊಡೆದ ಹಾಗಾಯಿತು. ಅವಳ ಕಾವಲಿಗೆ ನಾನು ನಿಂತಿದ್ದೇನೆ ಅಂದುಕೊಂಡಿದ್ದೆ. ಅವಳು ನನ್ನನ್ನೂ ಬಾಗಿಲ ಹೊರಗೇ ನಿಲ್ಲಿಸಿದ್ದಾಳೆ.

ಮೇ 30, ಗುರು. ಸಂಜೆ 6.20

ಅಪ್ಪನ ಕೋಣೆಯಲ್ಲೇ ಕೂತು ಬರೆಯುತ್ತಿದ್ದೇನೆ. ಕತ್ತಿನ ಬಟ್ಟೆ ಬದಲಿಸಲು ಬಂದವಳು ಹೋಗಲಾಗದೆ ಕೂತೆ.

ದಿನವೂ ಆರಕ್ಕೆ ಡಯಲ್ ಮಾಡುತ್ತಾನೆ. ದಿನವೂ: ಹೊಸ ಸಂದೇಶ ಇಲ್ಲ. ಇವತ್ತು: 1.

ಅಮ್ಮನದು. ತಲೆಬರಹ ನಾನೂ ನೋಡಿದೆ — "ನಡುವೆ ಬಾಯಿ ಹಾಕಬೇಡಿ."

ಅಪ್ಪ ತೆರೆಯುವ ಬಟನ್ ಒತ್ತಿದ. ಮೊದಲ ಸಾಲು ಬಂತು. "ಮದುವೆಯಾದ ಮರುದಿನದಿಂದ ಶುರು ಮಾಡುತ್ತೇನೆ." ಆಮೇಲೆ ನಿಂತಿತು. ಈ ಫೋನಿನ ಸಂಪರ್ಕ ಆಮೆಯ ನಡಿಗೆ, ಸಣ್ಣ ಪತ್ರಕ್ಕೇ ನಿಮಿಷ ಹಿಡಿಯುತ್ತದೆ. ಪರದೆಯ ಮೂಲೆಯಲ್ಲಿ ಶೇಕಡ ಎರಡು ಅಂತ ತೋರಿಸುತ್ತಿತ್ತು. ಈ ಅಮ್ಮ ಎಷ್ಟು ಬರೆದಿದ್ದಾಳೆ? ಎಷ್ಟು ಮಂಗಳವಾರ, ಎಷ್ಟು ಗುರುವಾರ?

ಅಪ್ಪ ಎರಡು ಸಲ ಬಡಿದ. ಅಡುಗೆಮನೆಯಲ್ಲಿ ನಲ್ಲಿ ನಿಂತಿತು. ಅವಳು ಬರಲಿಲ್ಲ. "ಪೂರ್ತಿ ಓದಿ ಆಮೇಲೆ ಕರೀರಿ," ಅಂದಳು ಅಲ್ಲಿಂದಲೇ. ದನಿ ಏರಿಸಲಿಲ್ಲ. ಕೇಳಿಸಿತು.

6.31. ಶೇಕಡ ಒಂಬತ್ತು. ಸಂಪರ್ಕ ಕಡಿಯುವ ಬಟನ್ ಮೇಲೆ ಅವನ ಬೆರಳಿದೆ. ನನ್ನ ಕಡೆ ನೋಡಿದ. ನಾನು ಬರೆಯುತ್ತಲೇ ಇದ್ದೆ. ಬೆರಳು ತೆಗೆದ. ಓದುತ್ತಿದ್ದಾನೆ, ತುಟಿ ಆಡಿಸುತ್ತ.

6.44. ಹದಿನೈದು. ಕತ್ತಿನ ಬಟ್ಟೆ ಒದ್ದೆಯಾಗಿದೆ, ಬದಲಿಸಬೇಕು. ಮುಟ್ಟಲು ಹೋದರೆ ಕೈ ಅಡ್ಡ ಹಿಡಿದ. ಪರದೆಯಿಂದ ಕಣ್ಣು ತೆಗೆಯಲಿಲ್ಲ. ಈಗ ನನ್ನ ಹುಟ್ಟಿನ ವರ್ಷ ಬಂದಿದೆ, ಇಲ್ಲಿಂದಲೇ ಕಾಣುತ್ತಿದೆ, ಅಮ್ಮ ಬರೆದಿದ್ದಾಳೆ ಆ ದಿನ ಇವನು… ಬರೆಯುವುದು ಇಲ್ಲಿಗೆ ಸಾಕು, ನಾನೂ ಓದಬೇಕು.