ಹೆಪ್ಪುಪುಡಿಗೆ ಬಿದ್ದ ಬೊಗಸೆ ನೀರು

ಕೋಡಿದಿಬ್ಬ
ಕಡಲು ಹೆದ್ದಾರಿ ದಾಟಿದ ಇನ್ನೂರ ಹನ್ನೊಂದನೆಯ ವರ್ಷ, ಹದಿಮೂರನೆಯ ತಿಂಗಳು, ಮೂವತ್ತಮೂರನೆಯ ದಿನ

ಕೊಳವೆ ಮಾಡಿದವರಿಗೆ,

ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ತಗಡಿನ ಪೆಟ್ಟಿಗೆಯಲ್ಲಿ ಸಿಕ್ಕ ಒಂಬತ್ತು ಕಿರುಹೊತ್ತಿಗೆಗಳಿಂದ. ಏಳು ಇರುವುದು ಕಾರ್ಮಿಕರ ಹಕ್ಕುಗಳ ಬಗ್ಗೆ, ಎರಡು ಪ್ಲಾಸ್ಟಿಕ್ ತಯಾರಿಕೆಯ ಬಗ್ಗೆ. ಎಲ್ಲವೂ ನನಗೆ ಬಾಯಿಪಾಠ. ಈ ಕಾಗದ ಹಿಂದಕ್ಕೆ, ನಿಮ್ಮ ಕಾಲಕ್ಕೆ, ಹೇಗೆ ತಲುಪುತ್ತದೋ ಗೊತ್ತಿಲ್ಲ. ನಿಮ್ಮ ಕೊಳವೆ ನಮ್ಮವರೆಗೆ ಬಂತಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ನಮ್ಮದು ಹನ್ನೊಂದು ಮನೆಗಳ ದಿಬ್ಬ. ಸುತ್ತ ಉಪ್ಪುನೀರು. ಸಿಹಿನೀರು ಬರುವುದು ಕಡಲಿನಡಿಯಲ್ಲಿ ನೀವು ಹಾಕಿದ ಕಪ್ಪು ಕೊಳವೆಯಿಂದ, ತಲೆಗೆ ದಿನಕ್ಕೆ ಮೂರು ಚೊಂಬು. ಮೂರು ವರ್ಷದ ಹಿಂದೆಯೇ ಅದು ನಾಲ್ಕು ಕಡೆ ಬಿರುಕು ಬಿಟ್ಟಿತ್ತು. ಒಡೆದ ದಿನ ದಿಬ್ಬ ಖಾಲಿ. ಹೊಸ ಪ್ಲಾಸ್ಟಿಕ್ ಮಾಡುವುದಿಲ್ಲವೆಂದು ನಮ್ಮ ಹಿರಿಯರು ಆಣೆಯಿಟ್ಟಿದ್ದರು. ಸರಿಯೇ, ನೀವು ಎಸೆದ ಚೀಲಗಳನ್ನು ಇಂದಿಗೂ ಬಲೆಗಳಿಂದ ಬಿಡಿಸುತ್ತೇವೆ. ಆದರೆ ಚೀಲ ಬೇರೆ, ಕೊಳವೆ ಬೇರೆ; ಅದರ ಬಿರುಕು ಮುಚ್ಚಲು ಹೊಸ ಪ್ಲಾಸ್ಟಿಕ್ ಮಾಡಲೇಬೇಕು. ಕೂಟದಲ್ಲಿ ಎದ್ದುನಿಂತು ಇದನ್ನೇ ಹೇಳಿದೆ. "ಇವಳ ಭಾಷಣ ಶುರುವಾಯ್ತು, ಚಾಪೆ ತನ್ನಿ, ಮಲಗುವ" ಎಂದು ನಕ್ಕರು. ಯಾರೂ ಬೇಡ, ಒಬ್ಬಳೇ ಮಾಡುತ್ತೇನೆ ಎಂದೆ.

ಮೂರು ವರ್ಷ ದುಡಿದೆ. ಹೆಂಡ ಬಟ್ಟಿಯಿಳಿಸಿ, ಅದರ ಆವಿಯನ್ನು ಕಾದ ಮಣ್ಣಿನ ಮೇಲೆ ಹಾಯಿಸಿ, ನೀವು ಎಥಿಲೀನ್ ಎನ್ನುವ ಅನಿಲ ಪಡೆದೆ. ಅದರ ಕಣಗಳನ್ನು ಸರಪಳಿಯಾಗಿ ಹೆಣೆದು ಪ್ಲಾಸ್ಟಿಕ್ ಮಾಡುವ ನಿಮ್ಮ ವೇಗವರ್ಧಕಕ್ಕೆ ನಾನಿಟ್ಟ ಹೆಸರು ಹೆಪ್ಪುಪುಡಿ. ಹಾಲಿಗೆ ಹಾಕುವ ಹೆಪ್ಪಿನಂತೆ ಚಿಟಿಕೆ ಸಾಕು. ಭತ್ತದ ಹೊಟ್ಟು ಸುಟ್ಟ ಬಿಳಿ ಬೂದಿಗೆ, ಮುಳುಗಿದ ಚರ್ಮದ ಕಾರ್ಖಾನೆಯಿಂದ ತಂದ ಕ್ರೋಮಿಯಂ ಉಪ್ಪನ್ನು ಹಿಡಿಸಿ, ಒಣಗಾಳಿಯ ಕುಲುಮೆಯಲ್ಲಿ ಹುರಿದೆ. ಕಿತ್ತಳೆ ಬಣ್ಣ ಬಂತು. ಲೋಹದ ಕಣಗಳು ಗುಂಪುಗೂಡಿದರೆ ಕೆಲಸ ಮಾಡವು, ಒಂದೊಂದೂ ದೂರ ದೂರ ಕೂರಬೇಕು ಎನ್ನುತ್ತದೆ ಎಂಟನೆಯ ಹೊತ್ತಿಗೆ. ನನ್ನ ಬಗ್ಗೆಯೇ ಬರೆದಂತಿದ್ದ ಆ ಸಾಲಿಗೆ ಗೆರೆ ಎಳೆದಿದ್ದೆ.

ದಿಬ್ಬದಲ್ಲೊಂದು ಪದ್ಧತಿಯಿದೆ. ಯಾವುದೇ ಹೊಸದಕ್ಕೆ ಒಂದು ಬೊಗಸೆ ಸಿಹಿನೀರು ಎರೆಯಬೇಕು: ದೋಣಿಗೆ, ಒಲೆಗೆ, ಹುಟ್ಟಿದ ಮಗುವಿನ ಪಾದಕ್ಕೆ. ಪುಡಿ ಸಿದ್ಧವಾದ ದಿನ ನನ್ನನ್ನು ಸಾಕಿದ ಗುಲಾಬಿ ದೊಡ್ಡಮ್ಮ ಬಂದರು. ನಾನು ಅನಿಲದ ತಿರುಪು ಬಿಗಿಯುತ್ತಿದ್ದೆ. ತಿರುಗಿ ನೋಡುವಷ್ಟರಲ್ಲಿ ಜಾಡಿಯ ಮುಚ್ಚಳ ತೆಗೆದು, ತಮ್ಮ ಪಾಲಿನ ನೀರನ್ನು ಅದಕ್ಕೆ ಎರೆದಿದ್ದರು. ಕಿತ್ತಳೆ ಹಳದಿಗೆ ತಿರುಗಿತು.

"ಮೂರು ವರ್ಷದ ಕೆಲಸ! ಬುದ್ಧಿ ಉಂಟಾ ನಿಮಗೆ?" ಎಂದು ಕಿರುಚಿದೆ.

"ನೀರು ತಾಗಬಾರದು ಅಂತ ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ ಮಾರಾಯ್ತಿ? ಹಕ್ಕಿನ ಪುಸ್ತಕ ಏಳೂ ಓದಿ ತಲೆ ತಿಂದಿದ್ದಿ. ಇದೊಂದು ಹೇಳ್ಲಿಲ್ಲ."

ಪುಡಿ ಆಗಲೂ ಪೂರ್ತಿ ಕೆಟ್ಟಿರಲಿಲ್ಲ. ಮೆಲ್ಲಗೆ ಒಣಗಿಸಿ ಮತ್ತೆ ಹುರಿಯಬಹುದೆಂದು ಹೊತ್ತಿಗೆಯಲ್ಲಿದೆ. ನಾನು ಸಿಟ್ಟಿನಲ್ಲಿ ಹಸಿಯಾಗಿಯೇ ಕುಲುಮೆಗೆ ಸುರಿದೆ. ಹಸಿರಾಯಿತು. ಹಸಿರೆಂದರೆ ಸತ್ತ ಪುಡಿ. ಕೊಂದವಳು ನಾನೇ.

ಅದಾಗಿ ನಲವತ್ತು ದಿನ. ನನ್ನ ಕೆಲಸದ ಕೊಟ್ಟಿಗೆಗೆ ಯಾರೂ ಬರುವುದಿಲ್ಲ. ಗೇಲಿ ಮಾಡುವುದಕ್ಕೂ ಇಲ್ಲ. ಸಂಜೆ ಕೊಳವೆಗೆ ಕಿವಿಯಿಟ್ಟು ನೀರಿನ ಸದ್ದು ಕೇಳುತ್ತೇನೆ. ಐದನೆಯ ಬಿರುಕು ಕಂಡಿದೆ. ಉಳಿದಿರುವುದು ಒಂದು ಹಿಡಿ ಕ್ರೋಮಿಯಂ ಉಪ್ಪು. ನಾನು ಗೆರೆ ಎಳೆದ ಪುಟದಲ್ಲೇ ಇನ್ನೊಂದು ಸಾಲಿದೆ: ಲೋಹವನ್ನು ಹೊತ್ತು ನಿಲ್ಲುವ ಬೂದಿಯಿಲ್ಲದೆ ಈ ಕೆಲಸ ನಡೆಯದು. ಅದನ್ನು ಮೊನ್ನೆಯಷ್ಟೇ ಗಮನವಿಟ್ಟು ಓದಿದೆ.

ನಿಮ್ಮಲ್ಲೊಂದು ಬೇಡಿಕೆ. ಹೊತ್ತಿಗೆಯ ಎಚ್ಚರಿಕೆಯಲ್ಲಿ "ತೇವದಿಂದ ದೂರವಿಡಿ" ಎಂದಷ್ಟೇ ಇದೆ. ಪಕ್ಕದಲ್ಲಿ ನಿಂತವರಿಗೆ ಅದನ್ನು ಹೇಗೆ ಹೇಳಿದಿರಿ, ಯಾರು ನಕ್ಕರು, ಯಾರು ಮುನಿದರು, ಮುನಿದವರು ಹೇಗೆ ಮರಳಿ ಬಂದರು? ಮುಂದೆ ಬರೆಯುವಾಗ ಅದನ್ನೂ ಬರೆಯಿರಿ.

ಉತ್ತರ ಬರುವವರೆಗೆ ಕೊಳವೆ ಕಾಯುವುದಿಲ್ಲ. ಇಂದಿನ ನನ್ನ ಮೂರು ಚೊಂಬನ್ನೂ ಎಂಟನೆಯ ಹೊತ್ತಿಗೆಯನ್ನೂ ಹಿಡಿದು ದೊಡ್ಡಮ್ಮನ ಜಗಲಿಗೆ ಹೊರಟಿದ್ದೇನೆ. ಬಾಗಿಲು ತೆರೆಯದಿದ್ದರೆ ಹೊರಗೇ ಕೂತು, ಮೊದಲ ಪುಟದಿಂದ ಗಟ್ಟಿಯಾಗಿ ಓದುತ್ತೇನೆ.

ಇಂತಿ ನಿಮ್ಮ,
ತೆರೆಸಿರಿ